ಹಣ್ಣಿನ ರಸವನ್ನು ಆರಿಸುವ ಬಗೆ



ಕೊಪ್ಪದ ಬಸ್ ನಿಲ್ದಾಣದಲ್ಲಿಯೋ, ಶೃಂಗೇರಿಯ ಭಾರತೀ ಬೀದಿಯಲ್ಲಿಯೋ, ನರಸಿಂಹರಾಜಪುರದ ಪೇಟೆಯಲ್ಲಿಯೋ ನೀವು ಬಾಯಾರಿ ನಿಂತಿದ್ದೀರಿ ಎಂದುಕೊಳ್ಳೋಣ. ಅಂಗಡಿಯ ಒಂದು ಕಡೆ ಬಣ್ಣ ಬಣ್ಣದ ಪೊಟ್ಟಣಗಳಲ್ಲಿ ಹಣ್ಣಿನ ರಸಗಳಿವೆ. ಅವುಗಳಲ್ಲಿ ಕೆಲವದರ ಮೇಲೆ ‘ಆಂಟಿಆಕ್ಸಿಡೆಂಟ್‌ಗಳಿಂದ ಸಮೃದ್ಧ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದೆ. ಇನ್ನೊಂದು ಕಡೆ ನಿಂಬೆಹಣ್ಣಿನ ರಾಶಿ, ಬಾಟಲಿಗಳಲ್ಲಿ ಕೆಂಪಗೆ ಮಿನುಗುವ ಮುರುಗಲಿನ ರಸ. ಅವುಗಳ ಮೇಲೆ ಏನೂ ಬರೆದಿಲ್ಲ. ನೀವು ಯಾವುದನ್ನು ಆರಿಸುತ್ತೀರಿ? ಏಕೆ ಆರಿಸುತ್ತೀರಿ?

ಇದು ಚಿಕ್ಕ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಇದಕ್ಕೆ ಸರಿಯಾದ ಉತ್ತರ ಕೊಡಬೇಕಾದರೆ ಸ್ವಲ್ಪ ರಸಾಯನಶಾಸ್ತ್ರ ಬೇಕು, ಸ್ವಲ್ಪ ಜೀವಶಾಸ್ತ್ರ ಬೇಕು, ನಮ್ಮ ಕಾಡು ತೋಟಗಳ ಪರಿಚಯ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಮುದ್ರಿತವಾದದ್ದನ್ನೆಲ್ಲ ನಂಬದ ಮನಸ್ಸು ಬೇಕು. ಈ ಭಾಷಣದಲ್ಲಿ ಈ ನಾಲ್ಕನ್ನೂ ಒಂದೊಂದಾಗಿ ನೋಡೋಣ.

ಉತ್ಕರ್ಷಣ ಎಂದರೇನು?

ಬಾಳೆದಿಂಡನ್ನು ಹೆಚ್ಚುವಾಗ ನಿಮ್ಮ ಅಮ್ಮ ಏನು ಮಾಡುತ್ತಾರೆ ಎಂಬುದನ್ನು ಗಮನಿಸಿದ್ದೀರಾ? ಹೆಚ್ಚಿದ ಹೋಳುಗಳನ್ನು ಕೂಡಲೇ ಮಜ್ಜಿಗೆ ಬೆರೆಸಿದ ನೀರಿಗೆ ಹಾಕುತ್ತಾರೆ. ಹಾಗೆಯೇ ಬಿಟ್ಟರೆ ಹೋಳುಗಳು ಕಪ್ಪಾಗುತ್ತವೆ. ಸಸ್ಯದ ಜೀವಕೋಶ ಒಡೆದಾಗ ಒಳಗಿರುವ ಪಾಲಿಫಿನಾಲ್ ಎಂಬ ವಸ್ತುಗಳು ಗಾಳಿಯ ಆಮ್ಲಜನಕದೊಡನೆ ಸೇರುತ್ತವೆ. ಒಂದು ಕಿಣ್ವ ಈ ಕೆಲಸಕ್ಕೆ ವೇಗ ಕೊಡುತ್ತದೆ. ಇದು ಉತ್ಕರ್ಷಣಕ್ಕೆ ಒಂದು ಉದಾಹರಣೆ. ಮಜ್ಜಿಗೆಯ ಹುಳಿ ಆ ಕಿಣ್ವದ ಕೈಕಟ್ಟುತ್ತದೆ. ಮಜ್ಜಿಗೆಯ ಬದಲು ನಿಂಬೆರಸ ಹಾಕಿದರೆ ಎರಡು ಕೆಲಸವಾಗುತ್ತದೆ. ಅದರ ಹುಳಿ ಕಿಣ್ವವನ್ನು ತಡೆಯುತ್ತದೆ. ಅದರಲ್ಲಿರುವ ಸಿ ಜೀವಸತ್ವ ಹೋಳುಗಳ ಬದಲು ತಾನೇ ಉತ್ಕರ್ಷಣಕ್ಕೆ ಒಡ್ಡಿಕೊಳ್ಳುತ್ತದೆ. ಹೀಗೆ ಮತ್ತೊಂದು ವಸ್ತುವನ್ನು ಉಳಿಸಲು ತಾನು ಮುಂದೆ ನಿಲ್ಲುವ ವಸ್ತುವಿಗೆ ಉತ್ಕರ್ಷಣ ನಿರೋಧಕ, ಅಂದರೆ ಆಂಟಿಆಕ್ಸಿಡೆಂಟ್ ಎಂದು ಹೆಸರು.

ನಮ್ಮ ದೇಹದೊಳಗೂ ಉತ್ಕರ್ಷಣ ನಡೆಯುತ್ತಲೇ ಇರುತ್ತದೆ. ಅದಿಲ್ಲದಿದ್ದರೆ ಅನ್ನದಿಂದ ಶಕ್ತಿ ಹುಟ್ಟುವುದಿಲ್ಲ. ಆದರೆ ಆ ಕ್ರಿಯೆಯಲ್ಲಿ ಕೆಲವು ಅಣುಗಳು ಜೋಡಿ ತಪ್ಪಿದ ಎಲೆಕ್ಟ್ರಾನ್‌ನೊಡನೆ ಉಳಿಯುತ್ತವೆ. ಇವೇ ಫ್ರೀ ರ‍್ಯಾಡಿಕಲ್‌ಗಳು. ನೊಗದಲ್ಲಿ ಜೊತೆ ತಪ್ಪಿದ ಎತ್ತಿನಂತೆ ಇವು ಸುಮ್ಮನಿರುವುದಿಲ್ಲ. ಪಕ್ಕದ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಅದನ್ನೂ ಕೆಡಿಸುತ್ತವೆ. 1956ರಲ್ಲಿ ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್ ಎಂಬ ವಿಜ್ಞಾನಿ, ಮುಪ್ಪಿಗೆ ಇಂಥ ಅಣುಗಳೇ ಕಾರಣವಿರಬಹುದು ಎಂಬ ವಾದವನ್ನು ಮಂಡಿಸಿದರು. 1969ರಲ್ಲಿ ಮೆಕ್‌ಕಾರ್ಡ್ ಮತ್ತು ಫ್ರಿಡೋವಿಚ್ ಎಂಬ ಇಬ್ಬರು ವಿಜ್ಞಾನಿಗಳು, ಇವುಗಳನ್ನು ಹದ್ದುಬಸ್ತಿನಲ್ಲಿಡಲು ದೇಹದಲ್ಲಿಯೇ ಒಂದು ಕಿಣ್ವವಿದೆ ಎಂದು ತೋರಿಸಿಕೊಟ್ಟರು.

ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಫ್ರೀ ರ‍್ಯಾಡಿಕಲ್‌ಗಳು ಕೇವಲ ಶತ್ರುಗಳಲ್ಲ. ನಮ್ಮ ಬಿಳಿಯ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುವಾಗ ಇಂಥ ವಸ್ತುಗಳನ್ನೇ ಆಯುಧವಾಗಿ ಬಳಸುತ್ತವೆ. ಒಲೆಯ ಬೆಂಕಿಯಂತೆ ಇವು ಇರಲೂಬೇಕು, ಮಿತಿಯಲ್ಲಿಯೂ ಇರಬೇಕು. ಆದ್ದರಿಂದ ‘ಉತ್ಕರ್ಷಣ ನಿರೋಧಕ ಎಷ್ಟು ಹೆಚ್ಚಾದರೆ ಅಷ್ಟು ಒಳ್ಳೆಯದು’ ಎಂಬ ಮಾತು ಮೊದಲ ಹೆಜ್ಜೆಯಲ್ಲಿಯೇ ಎಡವುತ್ತದೆ.

ನಮ್ಮ ಹಣ್ಣುಗಳಲ್ಲಿ ಏನಿದೆ?

ಹಣ್ಣಿನ ರಸದಲ್ಲಿರುವ ಮುಖ್ಯ ಉತ್ಕರ್ಷಣ ನಿರೋಧಕಗಳನ್ನು ಮೂರು ಗುಂಪು ಮಾಡಬಹುದು.

ಮೊದಲನೆಯದು ಸಿ ಜೀವಸತ್ವ. ಇದಕ್ಕೆ ಬಣ್ಣವಿಲ್ಲ, ನೀರಿನಲ್ಲಿ ಕರಗುತ್ತದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯ, ಒಸಡಿನಿಂದ ರಕ್ತ ಸುರಿಯುವ ಸ್ಕರ್ವಿ ರೋಗದಿಂದ ನರಳುತ್ತಿದ್ದ ನಾವಿಕರಿಗೆ ಕಿತ್ತಳೆ ಮತ್ತು ನಿಂಬೆ ಜಾತಿಯ ಹಣ್ಣುಗಳನ್ನು ಕೊಟ್ಟು, ಅವರು ಬೇಗ ಗುಣವಾದುದನ್ನು ಕಂಡ. ಆ ಹಣ್ಣುಗಳಲ್ಲಿದ್ದ ವಸ್ತು ಯಾವುದೆಂದು ಗೊತ್ತಾಗಲು ಸುಮಾರು ಇನ್ನೂರು ವರ್ಷ ಹಿಡಿಯಿತು. ಅದನ್ನು ಬೇರ್ಪಡಿಸಿದ ಹಂಗೇರಿಯ ಆಲ್ಬರ್ಟ್ ಸೆಂಟ್ ಗ್ಯೋರ್ಗಿ ಅವರಿಗೆ 1937ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ನಮ್ಮಲ್ಲಿ ಸಿ ಜೀವಸತ್ವದ ಭಂಡಾರವೆಂದರೆ ಬೆಟ್ಟದ ನೆಲ್ಲಿ. ಕಾರ್ತಿಕದಲ್ಲಿ ತುಳಸಿ ಪೂಜೆಗೆ ಕಟ್ಟೆಯಲ್ಲಿ ನೆಡುವ ನೆಲ್ಲಿಯ ಕೊಂಬೆ ಇದೇ ಮರದ್ದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ನೆಲ್ಲಿಯಲ್ಲಿ ಸುಮಾರು 250 ಮಿಲಿಗ್ರಾಂ ಸಿ ಜೀವಸತ್ವವಿದೆ. ಪೇರಳೆ ಎಂದೂ ಸೀಬೆ ಎಂದೂ ಕರೆಯುವ ಹಣ್ಣಿನಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚಿದೆ. ಕಿತ್ತಳೆಯಲ್ಲಿ ಇರುವುದು ಸುಮಾರು 40 ಮಿಲಿಗ್ರಾಂ ಮಾತ್ರ! ವಯಸ್ಕ ಗಂಡಸಿಗೆ ದಿನಕ್ಕೆ ಬೇಕಾದದ್ದು 80 ಮಿಲಿಗ್ರಾಂ, ಹೆಂಗಸಿಗೆ 65 ಮಿಲಿಗ್ರಾಂ ಎಂದು ಅದೇ ಸಂಸ್ಥೆ 2020ರಲ್ಲಿ ನಿಗದಿ ಮಾಡಿದೆ. ಹಿತ್ತಿಲಿನ ಒಂದು ಪೇರಳೆಹಣ್ಣು ಆ ದಿನದ ಲೆಕ್ಕವನ್ನು ಚುಕ್ತಾ ಮಾಡಬಲ್ಲದು. ಹಳೆಯ ಪುಸ್ತಕಗಳಲ್ಲಿ ನೆಲ್ಲಿಗೆ 600 ಮಿಲಿಗ್ರಾಂ ಎಂದು ಬರೆದಿರುವುದನ್ನು ನೀವು ಓದಿರಬಹುದು. ತಳಿ ಬದಲಾದಂತೆ, ಅಳೆಯುವ ವಿಧಾನ ಬದಲಾದಂತೆ ಅಂಕಿಗಳೂ ಬದಲಾಗುತ್ತವೆ. ನೆಲ್ಲಿಯ ಮೊದಲ ಸ್ಥಾನ ಮಾತ್ರ ಎರಡೂ ಕೋಷ್ಟಕಗಳಲ್ಲಿ ಹಾಗೆಯೇ ಉಳಿದಿದೆ.

ಎರಡನೆಯ ಗುಂಪು ಪಾಲಿಫಿನಾಲ್‌ಗಳು. ಇವುಗಳಲ್ಲಿ ಆಂಥೊಸಯನಿನ್ ಎಂಬ ವರ್ಣದ್ರವ್ಯಗಳು ಕಣ್ಣಿಗೆ ಕಾಣುತ್ತವೆ. ನೇರಳೆಹಣ್ಣು ತಿಂದಾಗ ನಾಲಿಗೆಗೆ ಹತ್ತುವ ಬಣ್ಣ, ದಾಳಿಂಬೆಯ ಕಾಳಿನ ಕೆಂಪು, ಮುರುಗಲಿನ ಸಿಪ್ಪೆಯ ಕಡುಗೆಂಪು ಇವೆಲ್ಲ ಅದರಿಂದಲೇ. ಕರಾವಳಿಯವರು ಪುನರ್ಪುಳಿ ಎನ್ನುವ ಈ ಮುರುಗಲು ಪಶ್ಚಿಮ ಘಟ್ಟದ ಸ್ವಂತ ಮರ. ಇದರ ಸಿಪ್ಪೆಯಲ್ಲಿ ಆಂಥೊಸಯನಿನ್‌ನ ಜೊತೆಗೆ ಗಾರ್ಸಿನಾಲ್ ಎಂಬ ಮತ್ತೊಂದು ಉತ್ಕರ್ಷಣ ನಿರೋಧಕವೂ ಇದೆ. ನಮ್ಮ ಮೂರೂ ತಾಲ್ಲೂಕುಗಳಲ್ಲಿ ಬೆಳೆಯುವ ಕಾಫಿಯಲ್ಲಿ ಕೂಡ ಕ್ಲೋರೊಜೆನಿಕ್ ಆಮ್ಲವೆಂಬ ಪಾಲಿಫಿನಾಲ್ ಧಾರಾಳವಾಗಿದೆ.

ಮೂರನೆಯ ಗುಂಪು ಕ್ಯಾರೊಟಿನಾಯ್ಡ್‌ಗಳು. ಮಾವು ಮತ್ತು ಪಪ್ಪಾಯಿಯ ಹಳದಿ ಕೇಸರಿ, ಕಲ್ಲಂಗಡಿಯ ಕೆಂಪು ಇವುಗಳಿಂದ ಬರುತ್ತವೆ. ಇವು ಕೊಬ್ಬಿನಲ್ಲಿ ಕರಗುವಂಥವು. ಆದ್ದರಿಂದ ಮಾವಿನಹಣ್ಣಿನ ಸೀಕರಣೆಗೆ ಹಾಲನ್ನೋ ಕಾಯಿಹಾಲನ್ನೋ ಸೇರಿಸುವ ನಮ್ಮ ಪದ್ಧತಿ ರುಚಿಗೆ ಮಾತ್ರವಲ್ಲ, ಕ್ಯಾರೊಟಿನಾಯ್ಡ್‌ಗಳು ದೇಹಕ್ಕೆ ಹತ್ತುವುದಕ್ಕೂ ಸಹಾಯಕ.

ಬಣ್ಣವನ್ನು ನಂಬಬಹುದೆ?

ಹಾಗಾದರೆ ಬಣ್ಣ ನೋಡಿ ರಸವನ್ನು ಆರಿಸಬಹುದೆ? ಸ್ವಲ್ಪಮಟ್ಟಿಗೆ ಹೌದು. ಮುರುಗಲಿನ ರಸ ಕಡುಗೆಂಪಾಗಿದ್ದರೆ ಅದರ ಆಂಥೊಸಯನಿನ್ ಉಳಿದಿದೆ ಎಂದು ತಿಳಿಯಬಹುದು. ಬಿಸಿ, ಬೆಳಕು, ಗಾಳಿ ಈ ಮೂರೂ ಅದನ್ನು ಕೆಡಿಸುತ್ತವೆ. ಬಾಟಲಿಯನ್ನು ಬಿಸಿಲಿನಲ್ಲಿ ತಿಂಗಳುಗಟ್ಟಲೆ ಇಟ್ಟು ರಸ ಕಂದುಬಣ್ಣಕ್ಕೆ ತಿರುಗಿದ್ದರೆ, ಹುಳಿ ಉಳಿದಿರಬಹುದು. ವರ್ಣದ್ರವ್ಯ ಹೋಗಿದೆ ಎಂದೇ ಅರ್ಥ.

ಆದರೆ ಕೆಂಪನ್ನು ಹೊರಗಿನಿಂದಲೂ ಬೆರೆಸಬಹುದಲ್ಲ? ಇದನ್ನು ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ. ಒಂದು ಚಮಚ ರಸವನ್ನು ಬಿಳಿಯ ಬಟ್ಟಲಿಗೆ ಹಾಕಿ, ನಾಲ್ಕು ಚಮಚ ನೀರು ಬೆರೆಸಿ, ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡ ಹಾಕುತ್ತಾ ಹೋಗಿ. ನೊರೆ ಬಂದು ಹುಳಿ ಇಳಿದ ಮೇಲೆ ಸಹಜವಾದ ಕೆಂಪು ನೇರಳೆಗೋ ನೀಲಿಗೋ ಹಸಿರು ಛಾಯೆಗೋ ತಿರುಗುತ್ತದೆ. ಆಂಥೊಸಯನಿನ್ ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ ಹಸಿರು. ಶಾಲೆಯಲ್ಲಿ ದಾಸವಾಳದ ರಸದಿಂದ ನೀವು ಮಾಡಿರುವ ಪ್ರಯೋಗವೇ ಇದು. ಕಾರ್ಮೊಯ್ಸಿನ್‌ನಂಥ ಕೃತಕ ಕೆಂಪು ಸಾಮಾನ್ಯವಾಗಿ ಸೋಡಕ್ಕೆ ಹೀಗೆ ಬಣ್ಣ ಬದಲಿಸುವುದಿಲ್ಲ. ಪೊಟ್ಟಣದ ಮೇಲೆ ಈ ಬಣ್ಣವನ್ನು 122 ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಇದು ಒಂದು ಸೂಚನೆ ಮಾತ್ರ, ಪ್ರಯೋಗಾಲಯದ ತೀರ್ಪಲ್ಲ. ಪರೀಕ್ಷೆ ಮಾಡಿದ ರಸವನ್ನು ಚೆಲ್ಲಿಬಿಡಿ.

ಸಿ ಜೀವಸತ್ವಕ್ಕೆ ಬಣ್ಣವಿಲ್ಲವಾದ್ದರಿಂದ ಅದಕ್ಕೆ ಬೇರೆ ಪರೀಕ್ಷೆ ಬೇಕು. ಅನ್ನ ಬಸಿದ ಗಂಜಿಯ ತಿಳಿಯನ್ನು ಆರಿಸಿ, ನೀರು ಬೆರೆಸಿ, ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್‌ನ ಎರಡು ಮೂರು ತೊಟ್ಟು ಹಾಕಿ. ತಿಳಿ ಕಡುನೀಲಿಯಾಗುತ್ತದೆ. ಇದನ್ನು ಸಮಪಾಲಾಗಿ ಮೂರು ಗಾಜಿನ ಲೋಟಗಳಿಗೆ ಹಂಚಿ. ಒಂದಕ್ಕೆ ಹೊಸದಾಗಿ ಹಿಂಡಿದ ನಿಂಬೆರಸ, ಇನ್ನೊಂದಕ್ಕೆ ಹಿಂದಿನ ದಿನ ಹಿಂಡಿ ತೆರೆದಿಟ್ಟ ನಿಂಬೆರಸ, ಮತ್ತೊಂದಕ್ಕೆ ನೆಲ್ಲಿಯ ರಸ ಇವನ್ನು ತೊಟ್ಟು ತೊಟ್ಟಾಗಿ ಎಣಿಸುತ್ತ ಹಾಕಿ. ನೀಲಿ ಮಾಯವಾಗಲು ಯಾವುದಕ್ಕೆ ಕಡಿಮೆ ತೊಟ್ಟು ಸಾಕಾಯಿತೋ ಅದರಲ್ಲಿ ಅಯೋಡಿನ್ನನ್ನು ಅಪಕರ್ಷಿಸುವ ಶಕ್ತಿ ಹೆಚ್ಚು; ನಿಂಬೆ ನೆಲ್ಲಿಗಳಲ್ಲಿ ಆ ಶಕ್ತಿಯ ದೊಡ್ಡ ಪಾಲು ಸಿ ಜೀವಸತ್ವದ್ದು. ಕಡುಬಣ್ಣದ ರಸಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಅಧ್ಯಾಪಕರ ಸಮಕ್ಷಮದಲ್ಲಿ ಮಾಡಿ. ಲೋಟಗಳಲ್ಲಿ ಉಳಿದದ್ದನ್ನು ಯಾರೂ ಕುಡಿಯದಂತೆ ನೋಡಿಕೊಳ್ಳಿ.

ಈ ಪ್ರಯೋಗದಿಂದ ಒಂದು ಉಪಯುಕ್ತ ನಿಯಮ ಹೊರಡುತ್ತದೆ. ರಸವನ್ನು ಹಿಂಡಿದ ಕೂಡಲೇ ಕುಡಿಯಬೇಕು. ಕಾಯಿಸಬಾರದು. ತಾಮ್ರ ಹಿತ್ತಾಳೆಯ ಪಾತ್ರೆಗಳಲ್ಲಿ ಇಡಬಾರದು. ತಾಮ್ರ ಸಿ ಜೀವಸತ್ವದ ಉತ್ಕರ್ಷಣವನ್ನು ಚುರುಕುಗೊಳಿಸುತ್ತದೆ. ಹುಳಿಗೆ ತಾಮ್ರವೂ ಕರಗಿ ರಸಕ್ಕೆ ಸೇರುತ್ತದೆ. ನೆಲ್ಲಿ ಇಲ್ಲಿಯೂ ಸ್ವಲ್ಪ ವಿಶೇಷ. ಅದರ ಟ್ಯಾನಿನ್‌ಗಳು ಸಿ ಜೀವಸತ್ವವನ್ನು ಒಂದಷ್ಟು ಕಾಯುತ್ತವೆ. ಒಣಗಿಸಿದ ನೆಲ್ಲಿಚಟ್ಟಿನ ತಂಬುಳಿ ಮಳೆಗಾಲದಲ್ಲಿಯೂ ಪ್ರಯೋಜನಕ್ಕೆ ಬರುವುದು ಇದರಿಂದ.

ಅಂಕಿಗಳ ಮೋಹ

ಈಗ ಪೊಟ್ಟಣದ ಮೇಲಿನ ಬರಹಕ್ಕೆ ಬರೋಣ. ಕೆಲವು ಕಾಲ ಪ್ರತಿಯೊಂದು ಹಣ್ಣಿಗೂ ‘ಓರಾಕ್’ ಎಂಬ ಒಂದು ಅಂಕಿ ಕೊಡುವ ರೂಢಿ ಇತ್ತು. ಪರೀಕ್ಷಾನಳಿಕೆಯಲ್ಲಿ ಆ ಹಣ್ಣು ಫ್ರೀ ರ‍್ಯಾಡಿಕಲ್‌ಗಳನ್ನು ಎಷ್ಟು ಹೀರಬಲ್ಲದು ಎಂಬುದರ ಅಳತೆ ಅದು. ಅಮೆರಿಕದ ಕೃಷಿ ಇಲಾಖೆಯೇ ಇಂಥ ಪಟ್ಟಿಯನ್ನು ಪ್ರಕಟಿಸಿತ್ತು. ವ್ಯಾಪಾರಿಗಳು ‘ನಮ್ಮ ರಸಕ್ಕೆ ಇಷ್ಟು ಅಂಕ’ ಎಂದು ಸಾರಿದರು. 2012ರಲ್ಲಿ ಅದೇ ಇಲಾಖೆ ಆ ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡಿತು. ಈ ಅಂಕಿಗಳಿಗೂ ಮನುಷ್ಯನ ದೇಹದಲ್ಲಿ ಆಗುವ ಪರಿಣಾಮಕ್ಕೂ ಸಂಬಂಧ ಸಿದ್ಧವಾಗಿಲ್ಲ, ಕಂಪನಿಗಳು ಇವನ್ನು ದುರುಪಯೋಗ ಮಾಡಿಕೊಳ್ಳುತ್ತಿವೆ ಎಂಬುದು ಅದು ಕೊಟ್ಟ ಕಾರಣ.

ಏಕೆ ಸಂಬಂಧವಿಲ್ಲ? ಪರೀಕ್ಷಾನಳಿಕೆಗೆ ಹೊಟ್ಟೆಯಿಲ್ಲ, ಕರುಳಿಲ್ಲ, ಪಿತ್ತಕೋಶವಿಲ್ಲ. ನಾವು ಕುಡಿದ ಆಂಥೊಸಯನಿನ್‌ನಲ್ಲಿ ಬಹಳ ಕಡಿಮೆ ಪಾಲು ಮಾತ್ರ ಹಾಗೆಯೇ ರಕ್ತಕ್ಕೆ ಸೇರುತ್ತದೆ. ಉಳಿದದ್ದು ಕರುಳಿನ ಬ್ಯಾಕ್ಟೀರಿಯಗಳ ಕೈಗೆ ಸಿಕ್ಕಿ ಬೇರೆ ರೂಪ ಪಡೆಯುತ್ತದೆ. ಹಣ್ಣು ತರಕಾರಿ ಹೆಚ್ಚು ತಿನ್ನುವವರು ಸಾಮಾನ್ಯವಾಗಿ ಹೆಚ್ಚು ಆರೋಗ್ಯವಾಗಿರುತ್ತಾರೆ ಎಂಬುದು ನಿಜ. ಆ ಲಾಭ ಒಂದೇ ವಸ್ತುವಿನಿಂದ ಬಂದದ್ದು ಎನ್ನುವುದು ಮಾತ್ರ ನಿಜವಲ್ಲ.

ಇದಕ್ಕೆ ಒಂದು ದೊಡ್ಡ ಸಾಕ್ಷಿಯಿದೆ. ಫಿನ್‌ಲೆಂಡ್ ದೇಶದಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ಒಂದು ಪರೀಕ್ಷೆ ನಡೆಯಿತು. ಕ್ಯಾರೆಟ್‌ನಲ್ಲಿಯೂ ಮಾವಿನಲ್ಲಿಯೂ ಇರುವ ಬೀಟಾ ಕ್ಯಾರೊಟಿನ್ನನ್ನು ಅವರಲ್ಲಿ ಕೆಲವರಿಗೆ ವರ್ಷಗಟ್ಟಲೆ ಗುಳಿಗೆಯ ರೂಪದಲ್ಲಿ ಕೊಟ್ಟರು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾದೀತು ಎಂಬ ನಿರೀಕ್ಷೆಯಿತ್ತು. 1994ರಲ್ಲಿ ಫಲಿತಾಂಶ ಹೊರಬಂದಾಗ, ಗುಳಿಗೆ ನುಂಗಿದವರಲ್ಲಿ ಆ ರೋಗ ಶೇಕಡ 18ರಷ್ಟು ಹೆಚ್ಚಾಗಿತ್ತು! ಹಣ್ಣಿನಲ್ಲಿದ್ದಾಗ ಸ್ನೇಹಿತನಾಗಿದ್ದ ವಸ್ತು, ಬೇರ್ಪಡಿಸಿ ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಹಾಗೆಯೇ ಉಳಿಯಲಿಲ್ಲ.

ಉಪ್ಪಾಗೆಯ ಪಾಠ

ಇಂಥ ಮೋಹ ದೂರದ ದೇಶಗಳಿಗಷ್ಟೇ ಸೇರಿದ್ದಲ್ಲ. ಮುರುಗಲಿನ ದಾಯಾದಿಯಾದ ಉಪ್ಪಾಗೆಯನ್ನು ನೀವು ಬಲ್ಲಿರಿ. ಮಳೆಗಾಲದಲ್ಲಿ ಹಣ್ಣಾಗುತ್ತದೆ, ಒಣಗಿಸಿದ ಸಿಪ್ಪೆಯನ್ನು ಹುಳಿಯಾಗಿ ಬಳಸುತ್ತೇವೆ, ಕೊಡಗಿನ ಕಾಚಂಪುಳಿಯೂ ಇದರದ್ದೇ. ಇದರ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜನ್ನು ಕರಗಿಸುತ್ತದೆ ಎಂಬ ಸುದ್ದಿ 1990ರ ದಶಕದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಹಬ್ಬಿತು. ಪಶ್ಚಿಮ ಘಟ್ಟದ ಉಪ್ಪಾಗೆಗೆ ಇದ್ದಕ್ಕಿದ್ದಂತೆ ಬೆಲೆ ಬಂತು. ಮಳೆಗಾಲದಲ್ಲಿ ಬಿಸಿಲಿಲ್ಲ, ಸಿಪ್ಪೆ ಒಣಗಿಸಲು ಕಾಡಿನ ಸೌದೆಯೇ ಬೇಕು. ಹಣ್ಣು ಬಲಿಯುವ ಮೊದಲೇ ಕೊಯ್ಯುವುದು, ಕೊಂಬೆ ಸಹಿತ ಕಡಿಯುವುದು ಹಲವು ಕಡೆ ನಡೆಯಿತು.

1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ ಹನ್ನೆರಡು ವಾರಗಳ ಪರೀಕ್ಷೆಯೊಂದರ ಫಲಿತಾಂಶ ಪ್ರಕಟವಾಯಿತು. ಉಪ್ಪಾಗೆಯ ಸಾರ ನುಂಗಿದವರ ತೂಕ, ಬರಿಯ ಹುಸಿಗುಳಿಗೆ ನುಂಗಿದವರ ತೂಕಕ್ಕಿಂತ ಹೆಚ್ಚೇನೂ ಇಳಿದಿರಲಿಲ್ಲ. ಒಂದು ಹೇಳಿಕೆ ನಿಜವೆ ಎಂದು ಪರೀಕ್ಷಿಸುವ ಮೊದಲೇ ಅದನ್ನು ನಂಬಿದರೆ, ಬೆಲೆ ತೆರುವುದು ಕೊಂಡವನ ಜೇಬು ಮಾತ್ರವಲ್ಲ, ಎಲ್ಲೋ ಇರುವ ಕಾಡೂ ಕೂಡ. ಇದು ನಮ್ಮ ಘಟ್ಟವೇ ಕಲಿಸಿದ ಪಾಠ.

ಲೋಟದಲ್ಲಿ ಇನ್ನೇನಿದೆ?

ಹಣ್ಣಿನ ರಸದಲ್ಲಿ ಉತ್ಕರ್ಷಣ ನಿರೋಧಕಗಳು ಮಿಲಿಗ್ರಾಂ ಲೆಕ್ಕದಲ್ಲಿರುತ್ತವೆ. ಸಕ್ಕರೆ ಗ್ರಾಂ ಲೆಕ್ಕದಲ್ಲಿರುತ್ತದೆ. ನಾವು ಮೊದಲನೆಯದನ್ನು ಎಣಿಸುತ್ತೇವೆ, ಎರಡನೆಯದನ್ನು ಮರೆಯುತ್ತೇವೆ.

200 ಮಿಲಿಲೀಟರ್ ಕಿತ್ತಳೆ ರಸದಲ್ಲಿ, ಹೊರಗಿನಿಂದ ಏನೂ ಹಾಕದಿದ್ದರೂ, ಸುಮಾರು ನಾಲ್ಕು ಚಹಾ ಚಮಚದಷ್ಟು ಸಕ್ಕರೆಯಿದೆ. ಹಣ್ಣನ್ನು ಹಾಗೆಯೇ ತಿಂದರೆ ನಾರಿನಿಂದಾಗಿ ಆ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಹಿಂಡಿ ಸೋಸಿದರೆ ನಾರು ಹೋಗಿ ಸಕ್ಕರೆ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರ ತನ್ನ ಮಾರ್ಗಸೂಚಿಯಲ್ಲಿ ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನೂ ಮಿತಿಯಲ್ಲಿಡಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸಿದೆ. ದಿನದ ಶಕ್ತಿಯಲ್ಲಿ ಶೇಕಡ 10ಕ್ಕಿಂತ ಕಡಿಮೆ ಇದರಿಂದ ಬರಬೇಕು. 2000 ಕ್ಯಾಲೊರಿ ಉಣ್ಣುವವರಿಗೆ ಇದು ಸುಮಾರು 50 ಗ್ರಾಂ. ಶೇಕಡ 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎಂದು ಅದು ಹೇಳುತ್ತದೆ. ಜೋನಿ ಬೆಲ್ಲ ಹಾಕಿದ ಶರಬತ್ತಿಗೂ ಇದೇ ಲೆಕ್ಕ. ಬೆಲ್ಲದ ರುಚಿ ಬೇರೆ. ರಕ್ತಕ್ಕೆ ಸೇರಿದ ಮೇಲೆ ಅದೂ ಸಕ್ಕರೆಯೇ.

ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ಅಜ್ಜನಿಗೋ ಅಮ್ಮಮ್ಮನಿಗೋ ‘ಆರೋಗ್ಯಕ್ಕೆ ಒಳ್ಳೆಯದು’ ಎಂದು ದೊಡ್ಡ ಲೋಟದಲ್ಲಿ ದ್ರಾಕ್ಷಿ ರಸ ಕೊಡುವ ಮೊಮ್ಮಕ್ಕಳಿದ್ದಾರೆ. ಪ್ರೀತಿಯೇನೋ ದೊಡ್ಡದು, ಆದರೆ ಅದರ ಫಲ ರಕ್ತಪರೀಕ್ಷೆಯಲ್ಲಿ ಕಾಣುತ್ತದೆ. ಅವರಿಗೆ ಸಕ್ಕರೆ ಹಾಕದ, ಚಿಟಿಕೆ ಉಪ್ಪು ಜೀರಿಗೆ ಬೆರೆಸಿದ ತೆಳುವಾದ ನಿಂಬೆ ಪಾನಕವೋ, ಮುರುಗಲಿನ ಸಾರೋ ಲೇಸು. ರಕ್ತದೊತ್ತಡ ಇದ್ದರೆ ಉಪ್ಪನ್ನೂ ಬಿಡಿ.

ಮೂತ್ರಪಿಂಡದ ತೊಂದರೆ ಇರುವವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಧಾರೆಹುಳಿ ಅಥವಾ ಕಮರಾಕ್ಷಿಯ ರಸ ಅಂಥವರಿಗೆ ಪ್ರಾಣಾಪಾಯ ತರಬಲ್ಲದು. ಬಿಂಬಲಕಾಯಿಯ ಗಟ್ಟಿ ರಸವನ್ನು ಔಷಧಿಯೆಂದು ಕುಡಿದು ಮೂತ್ರಪಿಂಡ ಕೆಟ್ಟವರ ಪ್ರಕರಣಗಳನ್ನು ಕೇರಳದ ವೈದ್ಯರು ದಾಖಲಿಸಿದ್ದಾರೆ. ಎರಡರಲ್ಲಿಯೂ ಆಕ್ಸಲೇಟ್ ಹೆಚ್ಚು. ಉಪ್ಪಿನಕಾಯಿಯ ಒಂದು ಹೋಳಿಗೂ ಬರಿಹೊಟ್ಟೆಯಲ್ಲಿ ಕುಡಿಯುವ ಒಂದು ಲೋಟ ರಸಕ್ಕೂ ಬಹಳ ವ್ಯತ್ಯಾಸವಿದೆ. ಚಕ್ಕೋತದ ಜಾತಿಯ ಹಣ್ಣುಗಳು ಕೆಲವು ಔಷಧಿಗಳ ಪ್ರಭಾವವನ್ನು ಏರುಪೇರು ಮಾಡುತ್ತವೆ. ದಿನವೂ ಮಾತ್ರೆ ತೆಗೆದುಕೊಳ್ಳುವ ಹಿರಿಯರು ವೈದ್ಯರನ್ನು ಕೇಳಿ ಕುಡಿಯುವುದು ಕ್ಷೇಮ.

ಪೊಟ್ಟಣವನ್ನು ಓದುವ ಕ್ರಮ

ಪೊಟ್ಟಣದ ಮುಂಭಾಗದಲ್ಲಿರುವುದು ಜಾಹೀರಾತು, ಹಿಂಭಾಗದಲ್ಲಿರುವುದು ವಿವರ. ಆದ್ದರಿಂದ ಹಿಂದಿನಿಂದ ಓದಿ. ‘ರಸ’ ಎಂಬುದಕ್ಕೂ ‘ಹಣ್ಣಿನ ಪಾನೀಯ’ ಎಂಬುದಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆ. ಕುಡಿಯಲು ಸಿದ್ಧವಾದ ಹಣ್ಣಿನ ಪಾನೀಯದಲ್ಲಿ ಶೇಕಡ 10ರಷ್ಟು ಹಣ್ಣಿನ ರಸವಿದ್ದರೆ ಸಾಕು. ನಿಂಬೆಯದಾದರೆ ಶೇಕಡ 5. ಸ್ಕ್ವಾಷ್‌ನಲ್ಲಿ ಕನಿಷ್ಠ ಶೇಕಡ 25 ಇರಬೇಕು. ಅದನ್ನು ನಾವು ಮತ್ತೆ ನೀರು ಬೆರೆಸಿ ಕುಡಿಯುತ್ತೇವೆ. ಘಟಕಗಳ ಪಟ್ಟಿಯಲ್ಲಿ ಹೆಚ್ಚು ತೂಕದ ವಸ್ತು ಮೊದಲು ಬರುತ್ತದೆ. ನೀರು, ಸಕ್ಕರೆ, ಆಮೇಲೆ ಹಣ್ಣು ಎಂಬ ಕ್ರಮದಲ್ಲಿದ್ದರೆ ನೀವು ಕೊಳ್ಳುತ್ತಿರುವುದು ಸಕ್ಕರೆ ನೀರು ಎಂದು ತಿಳಿಯಿರಿ. ಮಂದಗೊಳಿಸಿದ ರಸಕ್ಕೆ ಮತ್ತೆ ನೀರು ಬೆರೆಸಿ ತಯಾರಿಸಿದ ರಸಗಳ ಮೇಲೆ ‘ನೂರಕ್ಕೆ ನೂರು ಹಣ್ಣಿನ ರಸ’ ಎಂದು ಬರೆಯುವುದನ್ನು ಬಿಡಬೇಕೆಂದು ಭಾರತೀಯ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರ 2024ರ ಜೂನ್‌ನಲ್ಲಿ ಆದೇಶಿಸಿತು.

ಹೊಸದಾಗಿ ಹಿಂಡಿ ಕೊಡುವ ಅಂಗಡಿಯಲ್ಲಿ ಓದಲು ಚೀಟಿಯಿಲ್ಲ. ಅಲ್ಲಿ ನೋಡಬೇಕಾದದ್ದು ನೀರು ಮತ್ತು ಮಂಜುಗಡ್ಡೆ. ನಮ್ಮ ಬೆಟ್ಟದ ಅಬ್ಬಿ ನೀರು ತಣ್ಣಗೆ ತಿಳಿಯಾಗಿದ್ದರೂ ಮಳೆಗಾಲದಲ್ಲಿ ಕುದಿಸಿ ಆರಿಸಿಯೇ ಶರಬತ್ತಿಗೆ ಬಳಸಬೇಕು. ಹೊಟ್ಟೆ ಕೆಟ್ಟರೆ ಯಾವ ಉತ್ಕರ್ಷಣ ನಿರೋಧಕವೂ ಉಪಕಾರಕ್ಕೆ ಬಾರದು.

ನಿಜವಾದ ಲಾಭ ಎಲ್ಲಿದೆ?

ಹಾಗಾದರೆ ಹಣ್ಣಿನ ರಸವನ್ನು ಕುಡಿಯಲೇ ಬಾರದೆ? ಕುಡಿಯಬೇಕು. ಆದರೆ ಅದರ ನಿಶ್ಚಿತವಾದ ಲಾಭವನ್ನು ಅರಿತು ಕುಡಿಯಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆಯಿದೆ. ಅಂದರೆ ತರಗತಿಯಲ್ಲಿ ಕುಳಿತ ಹೆಣ್ಣುಮಕ್ಕಳಲ್ಲಿ ಹಲವರು ಸುಸ್ತನ್ನು ಸೋಮಾರಿತನವೆಂದು ತಿಳಿದು ಬೈಸಿಕೊಳ್ಳುತ್ತಿದ್ದಾರೆ. ರಾಗಿ, ಕಾಳು, ಸೊಪ್ಪುಗಳಲ್ಲಿ ಕಬ್ಬಿಣವಿದ್ದರೂ ಅದು ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಅದೇ ಊಟದ ಜೊತೆಗೆ ಸಿ ಜೀವಸತ್ವ ಸೇರಿದರೆ ಹೆಚ್ಚು ಹತ್ತುತ್ತದೆ. ಸೊಪ್ಪಿನ ಪಲ್ಯಕ್ಕೆ ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡುವುದು, ಊಟಕ್ಕೆ ನೆಲ್ಲಿಯ ತಂಬುಳಿ, ಊಟದ ನಂತರ ಪೇರಳೆ ಇವೆಲ್ಲ ಕಾಸಿಲ್ಲದ ಔಷಧಗಳು.

ಇದಕ್ಕೆ ಎದುರಾದ ಸಂಗತಿಯೂ ಒಂದಿದೆ. ಕಾಫಿ ಮತ್ತು ಚಹಾದ ಪಾಲಿಫಿನಾಲ್‌ಗಳೂ ಉತ್ಕರ್ಷಣ ನಿರೋಧಕಗಳೇ. ಆದರೆ ಊಟದ ಜೊತೆಗೆ ಕುಡಿದರೆ ಅವು ಕಬ್ಬಿಣವನ್ನು ಕಟ್ಟಿಹಾಕಿ ದೇಹಕ್ಕೆ ಸೇರದಂತೆ ಮಾಡುತ್ತವೆ. ಕಾಫಿ ಬೆಳೆಯುವ ನಾಡಿನವರಾದ ನಾವು ಊಟಕ್ಕೂ ಕಾಫಿಗೂ ಒಂದು ಗಂಟೆಯ ಅಂತರ ಇಟ್ಟುಕೊಳ್ಳುವುದು ಒಳ್ಳೆಯದು. ‘ಆಂಟಿಆಕ್ಸಿಡೆಂಟ್’ ಎಂಬ ಒಂದೇ ಹೆಸರಿನಡಿಯಲ್ಲಿ ಎರಡು ವಸ್ತುಗಳು ಹೇಗೆ ತದ್ವಿರುದ್ಧ ಕೆಲಸ ಮಾಡುತ್ತವೆ ನೋಡಿ!

ಋತುವಿಗೆ ತಕ್ಕ ಹಣ್ಣು

ಒಟ್ಟಿನಲ್ಲಿ ಆಯ್ಕೆಗೆ ಒಂದು ಸರಳ ಕ್ರಮವನ್ನು ಹೇಳಬಹುದು. ತಿನ್ನಬಹುದಾದ ಹಣ್ಣನ್ನು ಹಿಂಡಬೇಡಿ, ತಿನ್ನಿ. ಪೇರಳೆ, ಕಿತ್ತಳೆ, ಪಪ್ಪಾಯಿ, ನೇರಳೆ ಈ ಸಾಲಿಗೆ ಸೇರುತ್ತವೆ. ಹಾಗೆಯೇ ತಿನ್ನಲಾಗದಷ್ಟು ಹುಳಿಯಾದ ನಿಂಬೆ, ಮುರುಗಲು, ನೆಲ್ಲಿ, ಶರಬತ್ ಹಣ್ಣು ಇವೇ ರಸಕ್ಕೆ ಯೋಗ್ಯ. ಇವುಗಳಲ್ಲಿ ಸ್ವಲ್ಪ ರಸಕ್ಕೆ ಬಹಳ ನೀರು ಹಿಡಿಸುತ್ತದೆ; ಸಕ್ಕರೆ ಎಷ್ಟು ಎಂಬುದು ನಿಮ್ಮ ಕೈಯಲ್ಲಿಯೇ ಇರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಮುರುಗಲು, ಮಳೆ ಹಿಡಿಯುವ ಹೊತ್ತಿಗೆ ನೇರಳೆ, ಕಾರ್ತಿಕದಿಂದ ನೆಲ್ಲಿ, ಹೆಚ್ಚುಕಡಿಮೆ ವರ್ಷವಿಡೀ ನಿಂಬೆ ಮತ್ತು ಪಪ್ಪಾಯಿ. ಕಡಲಾಚೆಯಿಂದ ಬಂದ ಬೆರಿಹಣ್ಣಿನ ರಸಕ್ಕೆ ನೂರಾರು ರೂಪಾಯಿ ಕೊಡುವ ಅಗತ್ಯ ಮಲೆನಾಡಿನ ಮಕ್ಕಳಿಗಿಲ್ಲ. ಹುಳಿ ಕುಡಿದ ಮೇಲೆ ಬಾಯಿ ಮುಕ್ಕಳಿಸಿ. ಹುಳಿ ಹಲ್ಲಿನ ಹೊಳಪನ್ನು ತಿನ್ನುತ್ತದೆ.

ಇನ್ನೊಂದು ಮಾತು. ನಮ್ಮ ಮೂರೂ ತಾಲ್ಲೂಕುಗಳಲ್ಲಿ ಅಡಿಕೆಗೆ ಹಳದಿ ಎಲೆ ರೋಗ ತಗುಲಿ ಅನೇಕ ಮನೆಗಳ ತೋಟ ಬಡವಾಗಿದೆ. ಎರಡನೆಯ ಬೆಳೆಯ ಯೋಚನೆ ನಿಮ್ಮ ಹಿರಿಯರಿಗೆ ಇದ್ದೇ ಇದೆ. ಮುರುಗಲು ಅಡಿಕೆಯ ಸ್ಥಾನವನ್ನು ತುಂಬಲಾರದು. ಆದರೆ ತೋಟದ ಅಂಚಿನಲ್ಲಿ, ಬೆಟ್ಟದಲ್ಲಿ ತಾನೇ ಬೆಳೆಯುವ ಈ ಮರದ ಸಿಪ್ಪೆಗೂ ಬೀಜದ ತುಪ್ಪಕ್ಕೂ ಬೇಡಿಕೆಯಿದೆ. ಇದರಲ್ಲಿ ಗಂಡು ಹೆಣ್ಣು ಮರಗಳು ಬೇರೆ ಬೇರೆ. ಬೀಜದಿಂದ ಬಂದ ಸಸಿ ಗಂಡಾಗಿ ಹಣ್ಣು ಕೊಡದೆ ಹೋಗಬಹುದು. ಆದ್ದರಿಂದ ನೆಡುವವರು ಕಸಿ ಗಿಡವನ್ನು ಹುಡುಕುತ್ತಾರೆ. ಹಣ್ಣು ಕೊಯ್ಯುವಾಗ ಕೊಂಬೆ ಮುರಿಯದೆ, ಹಕ್ಕಿ ಮಂಗಗಳ ಪಾಲನ್ನೂ, ನಾಳಿನ ಸಸಿಯ ಪಾಲನ್ನೂ ಮರದಲ್ಲಿ ಬಿಟ್ಟು ಬರಬೇಕು.

ಮಿತ್ರರೆ, ನಿಮಗೆ ಒಂದು ಕೆಲಸವನ್ನು ಒಪ್ಪಿಸಿ ಮಾತು ಮುಗಿಸುತ್ತೇನೆ. ನಿಮ್ಮ ಊರಿನ ಅಂಗಡಿಯಲ್ಲಿ ಸಿಗುವ ಐದು ಪೊಟ್ಟಣಗಳ ಹಿಂಭಾಗವನ್ನು ಓದಿ, ಪ್ರತಿಯೊಂದರಲ್ಲಿ ಹಣ್ಣು ಶೇಕಡ ಎಷ್ಟು, 100 ಮಿಲಿಲೀಟರಿಗೆ ಸಕ್ಕರೆ ಎಷ್ಟು, ಬೆಲೆ ಎಷ್ಟು ಎಂದು ಬರೆದುಕೊಳ್ಳಿ. ಪಕ್ಕದಲ್ಲಿ ನಿಮ್ಮ ಮನೆಯ ಹಿತ್ತಿಲಿನಲ್ಲಿ, ಕಾಡಿನಂಚಿನಲ್ಲಿ ಆಗುವ ಹಣ್ಣುಗಳ ಪಟ್ಟಿ ಮಾಡಿ. ಹೆಸರು ಗೊತ್ತಾಗದಿದ್ದರೆ ಅಜ್ಜಿಯನ್ನು ಕೇಳಿ. ಎರಡೂ ಪಟ್ಟಿಗಳನ್ನು ತರಗತಿಯ ಗೋಡೆಗೆ ಅಂಟಿಸಿ, ಗೆಳೆಯರೊಡನೆ ಚರ್ಚಿಸಿ. ಯಾವ ಲೋಟವನ್ನು ಎತ್ತಿಕೊಳ್ಳಬೇಕು ಎಂಬುದನ್ನು ಆಮೇಲೆ ನೀವೇ ನಿರ್ಧರಿಸುವಿರಿ.